ಸೊನ್ನೆ ಪಾಯಿಂಟ್ ಮೂರೊಂದು

ಬಳ್ಳಾರಿ, ಕೌಲ್‌ಬಜಾರಿನ ಈ ಮಾಳಿಗೆ ಕೋಣೆ.
ಫ್ಯಾನೂ ಬೆವರುವ ಏಪ್ರಿಲ್.
ಹನ್ನೊಂದು ಅಧ್ಯಯನ ಒಂದೇ ಹಾಳೆಗೆ ಇಳಿಸಿದೆ:
ಹೊಲಿಗೆ ಯಂತ್ರದ ಮುಂದೆ ಕೂತ ತಾಸುಗಳು ಒಂದು ಕಡೆ,
ಸೊಂಟದ ನೋವು ಇನ್ನೊಂದು ಕಡೆ.
ಎರಡೂ ಎಷ್ಟು ದೂರ ಜೊತೆಗೆ ನಡೆಯುತ್ತವೆ?
ತೂಗಿ, ಕೂಡಿಸಿ, ಬೆಳಗಿನ ಜಾವಕ್ಕೆ
ಉತ್ತರ ಬಂತು. ಸೊನ್ನೆ ಪಾಯಿಂಟ್ ಮೂರೊಂದು.

ಕೆಳಗಿನ ಮನೆಯ ಮಾಬುನ್ನಿ ಒಗ್ಗರಣೆ ಮಂಡಾಳು ತಂದವಳು
ಪರದೆ ನೋಡಿದಳು. "ನೂರಕ್ಕ ಮೂವತ್ತೊಂದಾ?
ಮೂವತ್ತೈದಿಲ್ಲಂದ್ರ ಫೇಲಲ್ಲೇನು?"

ನಕ್ಕೆ. ನಾಳೆ ಇಲಾಖೆಯ ದೊಡ್ಡವರೂ
ಕನ್ನಡಕ ಒರೆಸುತ್ತ ಕೇಳುವುದು ಇದನ್ನೇ.

ಇದು ಅಂಕ ಅಲ್ಲ, ಶೇಕಡಾವಾರೂ ಅಲ್ಲ, ಅಂದೆ.
ಇದನ್ನು ಇದರಿಂದಲೇ ಗುಣಿಸು, ರೂಪಾಯಿಗೆ ಹತ್ತು ಪೈಸೆ.
ಒಬ್ಬಳ ನೋವಿಗೂ ಇನ್ನೊಬ್ಬಳ ನೋವಿಗೂ ಇರುವ ಅಂತರದಲ್ಲಿ
ತಾಸುಗಳ ಪಾಲು ಅಷ್ಟು.
"ಉಳಿದ ತೊಂಬತ್ತು?"
ಬೆನ್ನಿಲ್ಲದ ಸ್ಟೂಲು. ಮೂರನೇ ಹೆರಿಗೆ. ನಲ್ಲಿಯಿಂದ ಹೊತ್ತ ಕೊಡ.
ನಾವು ಕೇಳದೇ ಬಿಟ್ಟ ಪ್ರಶ್ನೆ,
ಕೇಳಿದಾಗ ಮಾಲೀಕನ ಕಡೆ ನೋಡಿ
"ಆರಾಮ ಅದೀನ್ರೀ" ಅಂದ ಉತ್ತರ.

ಚಿತ್ರ ತೋರಿಸಿದೆ. ಹನ್ನೊಂದು ಚೌಕ,
ಒಂದೊಂದರ ನಡುವೆಯೂ ಹಾದ ಗೆರೆ, ಅಡಿಯಲ್ಲೊಂದು ವಜ್ರ.
"ಗುಂಡಿಗೆ ದಾರ ಪೋಣಿಸಿಟ್ಟಂಗ ಐತಿ."
ಹೌದು. ದೊಡ್ಡ ಗುಂಡಿಯೆಂದರೆ ಹೆಚ್ಚು ಜನರನ್ನು ಕೇಳಿದ್ದಾರೆ,
ದಾರ ಉದ್ದವಾದರೆ ಅನುಮಾನ ಉದ್ದ.
ವಜ್ರ ಸೊನ್ನೆಯ ಗೆರೆ ಮುಟ್ಟಿಲ್ಲ.
ಸುಮ್ಮನೆ ಕೂಡಿಬಂದದ್ದಲ್ಲ ಅನ್ನಲು ಅಷ್ಟು ಸಾಕು,
ಎಲ್ಲ ಊರಿಗೂ ಇದೇ ಸಂಖ್ಯೆ ಅನ್ನಲು ಸಾಲದು.

ಒಂದು ಗುಂಡಿ ಮಾತ್ರ ಗೆರೆಯ ಎಡಕ್ಕೆ ಬಿದ್ದಿತ್ತು.
ನಮ್ಮೂರಿನದೇ, ಜೀನ್ಸ್ ಶೆಡ್ಡಿನದು.
ಹೆಚ್ಚು ತಾಸು ಕೂತವರಿಗೇ ಕಡಿಮೆ ನೋವಂತೆ!
ಎರಡು ರಾತ್ರಿ ಅದರ ಲೆಕ್ಕ ತಿರುವಿದ್ದೆ. ತಪ್ಪಿರಲಿಲ್ಲ.

ಮಾಬುನ್ನಿ ಅದರ ಮೇಲೆ ಬೆರಳಿಟ್ಟಳು.
"ಇವ್ರು ಬರೆಯಾಕ ಬಂದಾಗ ನಾ ಇದ್ದಿಲ್ಲ.
ಹಿಂದಿನ ರಂಜಾನಿಗೇ ಬಿಟ್ಟಿದ್ದೆ, ಕೂತ್ರ ಏಳಾಕ ಆಗ್ತಿದ್ದಿಲ್ಲ.
ಗಾದಿಲಿಂಗಮ್ಮನೂ ಬಿಟ್ಟಳು.
ಕೂರಾಕ ಆಗೋರು ಕೂತಿದ್ರು."

ಕೂರಾಕ ಆಗೋರು.
ಹನ್ನೆರಡು ತಾಸು ತಾಳಿದ ಬೆನ್ನುಗಳನ್ನಷ್ಟೇ ಎಣಿಸಿ
ಹನ್ನೆರಡು ತಾಸು ಒಳ್ಳೆಯದೆಂದಿತ್ತು ಆ ಗುಂಡಿ.
ಉಳಿದ ಹತ್ತರಲ್ಲಿ ಎದ್ದುಹೋದವರೆಷ್ಟೋ.

ಕೊನೆಯ ಪುಟದಲ್ಲೊಂದು ಸಾಲು ಬರೆದೆ, ಅಳಿಸಿದೆ,
ಮತ್ತೆ ಬರೆದೆ: ಈ ಸಂಬಂಧ ನಿಜಕ್ಕಿಂತ ಕಡಿಮೆ ಕಂಡಿರಬಹುದು.
ಓದಿ ಹೇಳಿದೆ.
"'ಬಹುದು' ಯಾಕವ್ವಾ? ಐತಿ ಅಂತ ಬರಿ,"
ಅಂದಳು ಮಾಬುನ್ನಿ, ಒಂದು ಕೈ ಗೋಡೆಗೆ, ಒಂದು ಕೈ ಸೊಂಟಕ್ಕೆ,
ಮೆಟ್ಟಿಲು ಮೆಟ್ಟಿಲಿಗೂ ನಿಂತು ಇಳಿಯುತ್ತ.

ತಟ್ಟೆಯಲ್ಲಿ ಮಿರ್ಚಿ ಆರಿತ್ತು.
'ಬಹುದು' ಹಾಗೇ ಬಿಟ್ಟೆ.