ಕಿತ್ತಳೆ ಸುಲಿಯುವಷ್ಟು ಹೊತ್ತು

ಕುತಾಯ್ಸಿಯ ತಾಂತ್ರಿಕ ಕಾಲೇಜಿನಲ್ಲಿ ಆ ಚಳಿಗಾಲ
ಒಲೆಗೆ ಸೌದೆಯನ್ನು ವಿದ್ಯಾರ್ಥಿಗಳೇ ತರುತ್ತಿದ್ದರು,
ಕರೆಂಟು ಬಂದರೆ ಬಂತು.
ನನಗೆ ಇಪ್ಪತ್ತಾರು. ರಸಾಯನಶಾಸ್ತ್ರ.
ಗಂಟೆಯಿಂದ ಗಂಟೆಯ ತನಕ ಉಸಿರು ಬಿಡದೆ ಮಾತಾಡುತ್ತಿದ್ದೆ,
ನಿಲ್ಲಿಸಿದರೆ ಎಲ್ಲಿ
ನನಗೆ ಗೊತ್ತಿಲ್ಲದ್ದು ಹೊರಗೆ ಬೀಳುತ್ತದೋ ಎಂದು.
ಪ್ರಶ್ನೆ ನನ್ನದೇ, ಉತ್ತರ ನನ್ನದೇ,
ನಡುವೆ ನೊಣ ಹಾರಲೂ ಜಾಗವಿರಲಿಲ್ಲ.

ಒಂದು ದಿನ ಹಿಂದಿನ ಬೆಂಚಿನಲ್ಲಿ
ಕೋಟು ಬಿಚ್ಚದೆ ಬಂದು ಕೂತರು
ಯಂತ್ರಶಾಸ್ತ್ರದ ಬಾತೋನೋ ಜುಂಬೇರ್.
(ಬಾತೋನೋ ಅಂದರೆ ಯಜಮಾನರೇ ಎಂದಂತೆ,
ನಾವು ಬಸ್ಸಿನ ಚಾಲಕನಿಗೂ ಅನ್ನುತ್ತೇವೆ.)
ನನ್ನನ್ನು ಅಳೆಯಲು ಬಂದರೆಂದುಕೊಂಡೆ.
ಅವರ ಕೋಣೆಯ ಒಲೆ ಆರಿತ್ತು, ಅಷ್ಟೇ.
ಹೋಗುವಾಗ ಒಂದು ಚೀಟಿ ಕೊಟ್ಟರು,
ಟ್ರಾಲಿಬಸ್ಸಿನ ಟಿಕೇಟಿನ ಹಿಂದೆ, ಪೆನ್ಸಿಲ್ಲಿನಲ್ಲಿ:
"ಹದಿನೇಳು ಪ್ರಶ್ನೆ ಕೇಳಿದಿರಿ.
ಹದಿನೇಳಕ್ಕೂ ಉತ್ತರ ಚೆನ್ನಾಗಿತ್ತು.
ಯಾರು ಹೇಳಿದ್ದು?"

ಮೂರು ದಿನ ಅವರ ಮುಖ ನೋಡಲಿಲ್ಲ.
ನಾಲ್ಕನೆಯ ದಿನ ಅವರ ತರಗತಿಯ ಹಿಂದಿನ ಬೆಂಚಿನಲ್ಲಿ ನಾನು.
ತಪ್ಪು ಹುಡುಕಲೆಂದೇ ಹೋಗಿದ್ದು, ಸುಳ್ಳೇಕೆ.

ಹಲಗೆಯ ಮೇಲೆ ಏಣಿ ಬರೆದರು,
ಗೋಡೆಗೆ ಆನಿಸಿದ ಏಣಿ.
"ಇದು ಯಾವಾಗ ಜಾರುತ್ತದೆ?"
ಕೇಳಿ, ಜೇಬಿನಿಂದ ಕಿತ್ತಳೆ ತೆಗೆದು
ಸುಲಿಯತೊಡಗಿದರು.
ಸಿಪ್ಪೆ ಹರಿಯದ ಹಾಗೆ, ಸುತ್ತಿ ಸುತ್ತಿ,
ಒಂದೇ ಎಳೆಯಾಗಿ ಇಳಿಯುತ್ತಿತ್ತು.
ಯಾರೂ ಮಾತಾಡಲಿಲ್ಲ.
ನನ್ನ ನಾಲಿಗೆ ತುರಿಸಿತು.
ಉತ್ತರ ನನಗೂ ಗೊತ್ತಿರಲಿಲ್ಲ, ಆದರೂ ತುರಿಸಿತು.
ಒಲೆಯಲ್ಲಿ ಕಟ್ಟಿಗೆ ಚಟ್ಟೆಂದಿತು.
ಸಿಪ್ಪೆ ಮುಕ್ಕಾಲು ಇಳಿದಾಗ
ಕಿಟಕಿ ಬದಿಯಿಂದ, ಮೂಗಿನಲ್ಲಿ ಮಾತಾಡುವ ಹುಡುಗ:
"ಹತ್ತಿದವನು ಎಲ್ಲಿದ್ದಾನೆ ಅನ್ನೋದರ ಮೇಲೆ ಹೋಗುತ್ತೆ.
ನಮ್ಮಪ್ಪ ಬಿದ್ದದ್ದು ಮೇಲಿನ ಮೆಟ್ಟಿಲಿಂದ."
ಜುಂಬೇರ್ ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ.
ಒಂದು ತೊಳೆ ಬಿಡಿಸಿ ಅವನ ಕೈಗಿಟ್ಟು
"ಕೆಳಗಿನ ಮೆಟ್ಟಿಲಲ್ಲಿ ಯಾಕೆ ಬೀಳಲಿಲ್ಲ?" ಅಂದರು.
ಇನ್ನೊಂದು ಕಿತ್ತಳೆ ತೆಗೆದರು.

ಮರುದಿನ ನಾನೂ ಒಂದು ಒಯ್ದೆ.
ಸಿಪ್ಪೆ ಚೂರುಚೂರಾಗಿ ರಸ ಕಣ್ಣಿಗೆ ಹಾರಿತು.
ಹುಡುಗರು ನಕ್ಕ ಸದ್ದಿಗೆ
ಪ್ರಯೋಗಾಲಯದ ಸಹಾಯಕಿ ತ್ಸಿಯಾಲಾ ಒಳಬಂದು
ಹಣ್ಣು ಕಿತ್ತುಕೊಂಡಳು.
"ಆಮ್ಲದ ಮೇಜಿನ ಮೇಲೆ ತಿನ್ನುವ ವಸ್ತುವೇ?
ಅವರ ಕಿತ್ತಳೆ ಅವರಿಗಿರಲಿ. ನಿಮಗೆ ಬ್ಯೂರೆಟ್ ಇಲ್ಲವೆ?
ಹನಿ ಬಿಡಿ. ಬಣ್ಣ ತಿರುಗುವ ತನಕ
ಬಾಯಿ ಮುಚ್ಚಿಕೊಂಡಿರಿ."
ಎಂಟನೇ ಕ್ಲಾಸಿಗೇ ಶಾಲೆ ಬಿಟ್ಟವಳು.
ಅವಳ ಹೆಸರು ನನ್ನ ಯಾವ ಪ್ರಮಾಣಪತ್ರದಲ್ಲೂ ಇಲ್ಲ.

ಹಾಗೆ ಹನಿ ಹನಿಯಾಗಿ ಮೂವತ್ತೆರಡು ವರ್ಷ.
ಜುಂಬೇರ್ ಇಲ್ಲ, ಟ್ರಾಲಿಬಸ್ಸೂ ಇಲ್ಲ.
ಚೀಟಿ ಇದೆ, ಪೆನ್ಸಿಲ್ ಮಾಸಿದೆ.
ಈಗ ನಾನೇ ಹೊಸಬರಿಗೆ ಮೌನದ ಪಾಠ ಹೇಳುವವಳು,
ಕೊಂಚ ಜಾಸ್ತಿಯೇ ಮಾತಾಡಿ.

ಹೋದ ವಾರ ಹಿಂದಿನ ಬೆಂಚಿನಲ್ಲಿ ತೋರ್ನಿಕೆ,
ಕಂಪ್ಯೂಟರ್ ವಿಭಾಗ, ಕಿವಿಯಲ್ಲಿ ಓಲೆ, ಬಂದು ಎರಡು ತಿಂಗಳು.
ಪಾಠ ಮುಗಿದ ಮೇಲೆ ತಲೆ ಕೆರೆಯುತ್ತ ಅಂದ:
"ತುಂಬ ಚೆನ್ನಾಗಿ ಕಾಯುತ್ತೀರಿ, ಮೇಡಂ.
ಆದರೆ ಕಾಯುವಾಗ ಕಿಟಕಿಯ ಕಡೆಗೇ ನೋಡುತ್ತೀರಿ.
ಬಾಗಿಲ ಬದಿಗೆ ಕೂತವರು?"

ಅವನ ಮುಖ ಒಂದೇ ದಿನ ನೋಡಲಿಲ್ಲ.
ಅಷ್ಟರಮಟ್ಟಿಗೆ ಕಲಿತಿದ್ದೇನೆ.

ಇವತ್ತು ಹನಿ ಬಿಟ್ಟು ಬಾಗಿಲಿನತ್ತ ತಿರುಗಿ ನಿಂತೆ.
ಕೊನೆಯ ಸಾಲಿನಲ್ಲಿ ಒಂದು ಕೈ
ಅರ್ಧ ಎದ್ದು, ಕಿವಿಯ ಹತ್ತಿರ ನಿಂತು,
ಕೂದಲು ಸರಿಮಾಡಿಕೊಂಡಂತೆ ನಟಿಸಿತು.
ಹೆಸರು ಬಾಯಿಗೆ ಬರಲಿಲ್ಲ.
ಹಾಜರಿ ಪುಸ್ತಕ ತೆರೆದು ಬೆರಳಿಟ್ಟು ಹುಡುಕಿದೆ.
ಸೆಪ್ಟೆಂಬರಿನಿಂದ ಒಂದು ದಿನವೂ ತಪ್ಪಿಸಿಲ್ಲ.