ಹತ್ತೂ ನಲವತ್ತರ ಕಪ್ಪು ಪರದೆ

ಬ್ರೆಜಿಲ್ ಅಂದರೆ ಬಿಸಿಲು ಅನ್ನುವವರು
ಜುಲೈಯಲ್ಲಿ ಕುರಿತೀಬಾಕ್ಕೆ ಬರಲಿ.
ಇಲ್ಲಿ ಗೋಡೆಗೂ ಚಳಿ, ಚಮಚಕ್ಕೂ ಚಳಿ.
ಮನೆಯಲ್ಲಿ ಬೆಚ್ಚಗಿರುವುದು ಎರಡೇ:
ಬಚ್ಚಲಿನ ಕರೆಂಟು ಶವರು,
ಮತ್ತೆ ನನ್ನ ಮೇಜಿನ ಕೆಳಗಿನ ಗ್ರಾಫಿಕ್ಸ್ ಕಾರ್ಡು.

ಸೆಕೆಂಡ್ ಹ್ಯಾಂಡು. ಮಾರಿದವನು, ಸೆವೆರಿನೊ ಅಂತ,
ಎದೆ ಮುಟ್ಟಿಕೊಂಡು ಹೇಳಿದ್ದ: ಭಾನುವಾರ ಮಾತ್ರ ಆಡಿದ್ದು.
ಬಿಚ್ಚಿದರೆ ಎರಡು ವರ್ಷದ ಧೂಳು,
ಹಗಲಿರುಳು ಬಿಟ್‌ಕಾಯಿನ್ ಅಗೆದು ಬೆಂದ ಬೆನ್ನು.
ಹಳೆಯ ಪೇಸ್ಟು ಸುಣ್ಣದ ಹಾಗೆ ಉದುರಿತು.
ಒರೆಸಿ, ಹೊಸದು ಹಾಕಿ
(ಬಟಾಣಿ ಕಾಳಿನಷ್ಟು, ಹೆಚ್ಚಲ್ಲ)
ಸ್ಕ್ರೂ ಬಿಗಿದೆ, ಒಂದೊಂದೇ, ಮೂಲೆಗೆ ಎದುರು ಮೂಲೆ.
ಆಮೇಲೆ ನಾಚಿಕೆಯಿಲ್ಲದೆ ಇನ್ನಷ್ಟು ಕೇಳಿದೆ.

ಕೋರಿಗೆ ಇಪ್ಪತ್ತೈದು ಏರಿಸಿದೆ. ಓಡಿತು.
ಐವತ್ತು. ಓಡಿತು.
ನೂರು. ಓಡಿತು, ಒಂಚೂರು ಏದುಸಿರು.
ನೂರ ಇಪ್ಪತ್ತಕ್ಕೆ
ಪರದೆಯ ತುಂಬ ಹಸಿರು ಚುಕ್ಕಿ,
ಯಾರೋ ನೆಲಕ್ಕೆ ಹೆಸರುಕಾಳು ಚೆಲ್ಲಿದ ಹಾಗೆ.
ಹದಿನೈದು ಹಿಂದೆ ಸರಿದೆ.
ಹಾಸಿಗೆ ಇದ್ದಷ್ಟೇ ಕಾಲು ಚಾಚು ಅನ್ನುತ್ತಾರೆ;
ಅಂಚು ಎಲ್ಲಿದೆಯೆಂದು ಕತ್ತಲಲ್ಲಿ
ಕಾಲು ಚಾಚದೆ ಯಾರಿಗೆ ಗೊತ್ತಾಗಿದೆ?

ಮೆಮೊರಿಯ ಕಾಯಿಲೆ ಬೇರೆ ತರಹದ್ದು.
ಅದು ಬೀಳುವುದಿಲ್ಲ, ಕೂಗುವುದಿಲ್ಲ.
ಎಂಟುನೂರು ಏರಿಸಿದೆ, ಅಂಕ ಏರಿತು.
ಸಾವಿರ ಏರಿಸಿದೆ, ಅಂಕ ಇಳಿಯಿತು.
ಚಿತ್ರದಲ್ಲಿ ಒಂದು ಕಲೆಯಿಲ್ಲ.
ಒಳಗೆ ತಪ್ಪಾಗುತ್ತಿತ್ತು; ತಾನೇ ಹಿಡಿದು, ತಾನೇ ತಿದ್ದಿ,
ಮಾಡಿದ್ದನ್ನೇ ಮತ್ತೆ ಮಾಡುತ್ತಿತ್ತು, ಬಾಯಿ ಬಿಡದೆ.
ನನಗದು ತಿಳಿಯಲು ಮೂರು ರಾತ್ರಿ ಬೇಕಾಯಿತು.

ಬ್ರೆಡ್ಡಿನ ಚೀಲದ ಮೇಲೆ ಪೆನ್ಸಿಲಿನಲ್ಲಿ ಬರೆದುಕೊಂಡೆ:
ಒಂದು ಸಲಕ್ಕೆ ಒಂದೇ ಬದಲಾವಣೆ.
ಎರಡು ಗುಂಡಿ ಒಟ್ಟಿಗೆ ತಿರುಗಿಸಿದವನಿಗೆ
ಕಳ್ಳನೂ ಸಿಗುವುದಿಲ್ಲ, ಕದ್ದ ಮಾಲೂ.

ಎಲ್ಲ ಸರಿಹೋಯಿತು. ಹಗಲಲ್ಲಿ ಆರು ಗಂಟೆ ಹಿಂಡಿದೆ,
ಎಪ್ಪತ್ತೊಂದು ಡಿಗ್ರಿ ದಾಟಲಿಲ್ಲ.
ರಾತ್ರಿ ಮಾತ್ರ ಪರದೆ ಕಪ್ಪು.
ಇನ್ನೂ ಹತ್ತು ಇಳಿಸಿದೆ. ಕಪ್ಪು.
ಡ್ರೈವರ್ ಅಳಿಸಿ ಮತ್ತೆ ಹಾಕಿದೆ. ಕಪ್ಪು.
ಎವಾಲ್ದೊನ ಪವರ್ ಸಪ್ಲೈ ಎರವಲು ತಂದೆ,
ಕಪ್ಪು. ಜೊತೆಗೆ ಅವನ ಉಪದೇಶ.

ಚೀಲದ ಹಿಂಬದಿಗೆ ಹೊತ್ತು ಬರೆಯತೊಡಗಿದೆ.
ಸೋಮವಾರ ಹತ್ತೂ ಮೂವತ್ತೊಂಬತ್ತು.
ಮಂಗಳವಾರ ಹತ್ತೂ ನಲವತ್ತೆರಡು.
ಬುಧವಾರ ಏನೂ ಇಲ್ಲ, ಬೆಳ್ಳಿಯ ಹಾಗೆ ಓಡಿತು.
ಗುರುವಾರ
ಬರೆದದ್ದನ್ನೇ ನೋಡುತ್ತ ಕೂತಿದ್ದೆ,
ಬೀದಿ ಬಾಗಿಲ ಚಿಲಕ ಸದ್ದಾಯಿತು.
ಅಕ್ಕ ಜಾಂದಿರಾ. ಕೊಳವೆಯಂಥ ಗಾಜಿನ ಬಸ್‌ಸ್ಟಾಪಿನಿಂದ
ನಡೆದು ಬಂದವಳು, ಮೈಮೇಲೆ ಆಸ್ಪತ್ರೆ ಲಾಂಡ್ರಿಯ ಬ್ಲೀಚು.
ಶೂ ಬಿದ್ದ ಸದ್ದು, ಒಂದು. ತುಸು ತಡೆದು, ಇನ್ನೊಂದು.
ಬಚ್ಚಲ ಬಾಗಿಲು. ನಲ್ಲಿ.
ದೀಪ ಒಮ್ಮೆ ಕಣ್ಣು ಮಿಟುಕಿಸಿತು.

ಬುಧವಾರ ಅವಳಿಗೆ ಎರಡು ಪಾಳಿ.
ಬೆಳಗಿನ ಜಾವ ಬರುತ್ತಾಳೆ, ನಾನು ಮಲಗಿರುತ್ತೇನೆ.

ಮನೆಗೆಲ್ಲ ಒಂದೇ ತಂತಿ, ಜಿಪುಣ ಮಾಲೀಕ ಎಳೆಸಿದ್ದು.
ಶವರು ಐದೂವರೆ ಸಾವಿರ ವ್ಯಾಟು ಗುಟುಕರಿಸುವಾಗ
ನನ್ನ ಕಾರ್ಡಿಗೆ ಗಂಟಲು ಒಣಗುತ್ತದೆ.
ಹನ್ನೆರಡು ರಾತ್ರಿ ನಾನು ಅದನ್ನು ಬೈದಿದ್ದೆ,
ಸೆವೆರಿನೊನ ತಾಯಿಯನ್ನೂ.

ಶವರಿನ ತಲೆಯ ಮೇಲೆ ಎರಡು ಗುರುತಿವೆ:
ಬೇಸಗೆ, ಚಳಿಗಾಲ.
ಬೇಸಗೆಗೆ ತಿರುಗಿಸಿದರೆ ನನ್ನ ಆಟ ಬದುಕುತ್ತದೆ.
ಹೇಳೋಣವೆಂದು ಬಾಗಿಲವರೆಗೆ ಹೋದೆ.
ಒಳಗೆ ಏನೋ ಗುನುಗುತ್ತಿದ್ದಳು, ಶ್ರುತಿಯಿಲ್ಲದೆ,
ನಡುವೆ ಮರೆತು, ಮತ್ತೆ ಮೊದಲಿನಿಂದ.
ಹಿಂತಿರುಗಿ ಬಂದೆ.

ಈಗ ಹತ್ತೂವರೆಗೆ ಅಲಾರಂ ಇದೆ.
ಕೋರು ಸೊನ್ನೆ, ಮೆಮೊರಿ ಸೊನ್ನೆ, ಪವರ್ ಅರವತ್ತಕ್ಕೆ.
ಕಾರ್ಡು ಕಾರ್ಖಾನೆ ಕಲಿಸಿದ ನಡಿಗೆಯಲ್ಲಿ ನಡೆಯುತ್ತದೆ.
ಗೋಡೆಯಾಚೆ ನೀರು.
ನಲ್ಲಿ ನಿಲ್ಲುವವರೆಗೆ ಏನನ್ನೂ ಏರಿಸದೆ ಕೂತಿರುತ್ತೇನೆ,
ಒಂದೊಂದು ದಿನ ಇಪ್ಪತ್ತು ನಿಮಿಷ.
ಕರೆಂಟು ಬಿಲ್ಲು ಬರುವುದು ಅವಳ ಹೆಸರಿಗೆ.