ತೋಳಿನ ಲೆಕ್ಕ

ಮಡಚಿದರೆ ಕರೆಂಟು ಬರುವ ಬಟ್ಟೆಯಂತೆ!
ಹಲ್ಲಲ್ಲಿ ದಾರ ಕಚ್ಚಿಕೊಂಡೇ ನಕ್ಕೆ.
ಚೌಕಿಪೇಟೆಯ ಈ ಗೂಡಂಗಡಿಯಲ್ಲಿ
ಇಪ್ಪತ್ತೆರಡು ವರ್ಷ
ರವಿಕೆ, ಲಂಗ, ಸೀರೆಯ ಫಾಲ್ಸು
ಮಡಚಿ ಮಡಚಿ ಇಟ್ಟಿದ್ದೇನೆ,
ಒಂದೂ ಮಿಣುಕಲಿಲ್ಲ.

ಕಾಲೇಜಿನ ಹುಡುಗಿ ಇಂಪನಾ
ಬ್ಯಾಗಿನಿಂದ ತೆಗೆದಳು ಒಂದು ಉಂಡೆ.
ಗಾಳದ ದಾರದಂಥ ಬಿಳಿ ಎಳೆ,
ಸೂಜಿಯ ಕಣ್ಣಿಗೆ ಹಟ ಮಾಡುವಂಥದು.
ಪೀಜೋ ಅಂತ ಏನೋ ಅಂದಳು.
"ಇದನ್ನ ಜಗ್ಗಿ, ಸಾವಿರಾರು ವೋಲ್ಟಿನ ಮುಂದೆ ನಿಲ್ಲಿಸ್ತೀವಿ ಆಂಟಿ,
ಒಳಗಿನ ಕಣ ಎಲ್ಲಾ ಒಂದೇ ಕಡೆ ಮುಖ ಮಾಡ್ತವೆ."
"ಸ್ಕೂಲಲ್ಲಿ ಪ್ರೇಯರಿಗೆ ನಿಲ್ಲಿಸಿದಂಗೆ?"
"ಹಂಗೇ. ಆಮೇಲೆ ಬಗ್ಗಿಸಿದಾಗೆಲ್ಲ
ಒಂದು ಚೂರು ಕರೆಂಟು."

ಅಪ್ಪ ಕಾಟನ್ ಮಿಲ್ಲಿನ ಸ್ಪಿನ್ನಿಂಗಿನಲ್ಲಿದ್ದ.
ಕರೆಂಟು ತಿಂದು ನೂಲು ಉಗುಳುತ್ತಿದ್ದ ಊರು ಆಗ ಇದು.
ಕರೆಂಟು ಹೋಯಿತೋ
ಪಾಳಿಯ ಗಂಡಸರೆಲ್ಲ ಗೇಟಿಗೆ ಬಂದು ಬೀಡಿ ಹಚ್ಚುವರು.
ನೂಲೇ ಕರೆಂಟು ಕೊಡುತ್ತದೆ ಅಂದಿದ್ದರೆ
ಅವನ ಕಿವಿಯೊಳಗಿನ ಹತ್ತಿ ಕೆಳಗೆ ಬೀಳುತ್ತಿತ್ತು.

ಯಾರ ಅಳತೆಗೆ ಹೊಲಿಯಲಿ?
"ನಿಲ್ಲದ ತೋಳು ಬೇಕು ಆಂಟಿ."

ಬಾಷಾನಗರದ ಭಟ್ಟಿಗೆ ಕರೆದುಕೊಂಡು ಹೋದೆ.
ಹೊಟ್ಟಿನ ಬೆಂಕಿ, ಕಾದ ಮರಳು,
ಅಕ್ಕಿ ಬಿದ್ದದ್ದೇ ಚಟಪಟ ಮಂಡಕ್ಕಿ.
ಹೊಗೆಯೊಳಗೆ ಚಮನ್‌ಬಿಯ ಬಲಗೈ
ಮಡಚುತ್ತದೆ, ಚಾಚುತ್ತದೆ, ಮಡಚುತ್ತದೆ.
ಮಾತಾಡಿಸಿದರೂ ನಿಲ್ಲಲಿಲ್ಲ.

ಹಳೇ ಅಂಗಿಯ ತೋಳೊಂದನ್ನು ಕತ್ತರಿಸಿ
ಮೊಣಕೈ ಮೇಲೆ ಹನ್ನೆರಡು ಸಾಲು ಹಾಕಿದೆ,
ಒತ್ತೊತ್ತಾಗಿ, ಕೈಹೊಲಿಗೆ.
ಗುಲಗಂಜಿಯಷ್ಟು ಚಿಪ್ಪನ್ನು ಇಂಪನಾ ಅಂಟಿಸಿದಳು.

ದೀಪ ಹತ್ತಲಿಲ್ಲ.
ಮಿಣುಕುಹುಳಕ್ಕೂ ಸಾಲದಂತೆ ಅಷ್ಟು ಕರೆಂಟು.
"ಬೆಳಕಿಗೆ ಸಾಲ್ದು, ಎಣಿಸೋಕೆ ಸಾಕು" ಅಂದಳು.
ಸಂಜೆ ಅವಳ ಫೋನಿನಲ್ಲಿ ಬಂತು:
೧೧,೪೦೮.

ಚಮನ್‌ಬಿ ಎರಡು ಸಲ ಓದಿಸಿದಳು.
"ಸಾವ್ಕಾರ್ರು ಚೀಲ ಎಣಿಸ್ತಾರೆ, ಹದಿನೆಂಟು.
ಇದನ್ನ ಯಾರೂ ಎಣಿಸಿರ್ಲಿಲ್ಲವ್ವಾ."
ಚೀಟಿಯಲ್ಲಿ ಬರೆಸಿಕೊಂಡು
ರೇಷನ್ ಕಾರ್ಡಿನೊಳಗೆ ಇಟ್ಟಳು.
ಮತ್ತೆ ತಿರುಗಿ ಬಂದು, ಮೆತ್ತಗೆ:
"ಅವರಿಗೆ ಮಾತ್ರ ಹೇಳಬ್ಯಾಡ್ರಿ.
ನಾಳೆ ಹನ್ನೆರಡು ಸಾವಿರ ಮಾಡು ಅಂತಾರೆ."

ಒಂಬತ್ತನೇ ದಿನ ಎಂಟು ಸಾವಿರ.
ಮಾರನೇ ದಿನ ಮೂರು.
ಆಮೇಲೆ ಇನ್ನೂರ ಹನ್ನೆರಡು.
"ನಾನು ಕಮ್ಮಿ ಮಾಡಿಲ್ಲ!"
ಚೀಲ ತೋರಿಸಿದಳು, ಹದಿನೆಂಟೂ ಇದ್ದವು.
ತಪ್ಪು ತೋಳಿನದಲ್ಲ.
ದಿನಾ ಬೆವರು ಒಣಗಲೆಂದು ಅದನ್ನವಳು
ಭಟ್ಟಿಯ ಕಟ್ಟೆಯ ಮೇಲೆ ಹಾಸುತ್ತಿದ್ದಳು.
ಎಂಬತ್ತು ಡಿಗ್ರಿ ದಾಟಿದರೆ, ಇಂಪನಾ ಅಂದಳು,
ಕಣಗಳೆಲ್ಲ ಮುಖ ತಿರುಗಿಸುತ್ತವೆ
ಒಂದೊಂದು ಒಂದೊಂದು ಕಡೆಗೆ.
ಪ್ರೇಯರ್ ಮುಗಿದ ಮೇಲೆ ಮಕ್ಕಳು.
ಕಲಿಸಿದ್ದು ಎಳೆಗೆ ಮರೆತುಹೋಯಿತು.

ಚಮನ್‌ಬಿ ಮೊಣಕೈ ಒತ್ತಿಕೊಂಡಳು.
"ಬಿಸಿಗೆ ಮರೀತೈತಾ?
ನನ್ನ ಕೈ ಯಾಕೆ ಮರೆಯಂಗಿಲ್ಲ ಹಂಗಾದ್ರೆ,
ರಾತ್ರಿ ನಿದ್ದೆಯೊಳಗೂ ಮರಳು ತಿರುವ್ತೈತಿ."
ಇಂಪನಾ ನೋಟ್‌ಬುಕ್ಕಿನಲ್ಲಿ ಏನೋ ಬರೆಯಲು ಹೋಗಿ
ಪೆನ್ನಿನ ಮುಚ್ಚಳ ಹಾಕಿದಳು.

ಹೊಲಿಗೆ ಬಿಚ್ಚಿದೆ. ಹನ್ನೆರಡು ಸಾಲು.
ಬಿಚ್ಚುವಾಗಲೂ ಎಳೆ ಬಗ್ಗುತ್ತದೆ,
ಏನೂ ಬರಲಿಲ್ಲ.
ಎಸೆಯಲು ಮನಸ್ಸಾಗದೆ
ಗುಂಡಿಯ ಡಬ್ಬಿಗೆ ಹಾಕಿಟ್ಟಿದ್ದೇನೆ.

ಮೊನ್ನೆ ಬಂದಿದ್ದಳು, ರಂಜಾನಿಗೆ ರವಿಕೆ.
ಹಸಿರು ಬಟ್ಟೆ, ಮಗಳು ಆರಿಸಿದ್ದಂತೆ.
ಟೇಪು ಹಿಡಿದು ತೋಳಿನ ಅಳತೆ ತೆಗೆಯುವಾಗ
"ಮೊಣಕೈ ಹತ್ರ ಸಡಿಲ ಬಿಡವ್ವಾ" ಅಂದಳು,
"ನಿಂಗೆ ಗೊತ್ತಲ್ಲ, ಎಷ್ಟು ಸಲ ಅಂತ."